ಬೆಳಕು ಮಾಡಿನಿಂದ ಇಳಿಯಲಿ



ಆಷಾಢದ ನಡುಮಧ್ಯಾಹ್ನವೂ ದೀಪ ಹಾಕದೆ ಅಕ್ಕಿಯ ಕಲ್ಲು ಆರಿಸಲಾಗದ ಅಡುಗೆಮನೆಗಳು ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಇಂದಿಗೂ ಬೇಕಾದಷ್ಟಿವೆ. ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಆಗ ಒಲೆಯ ಮೇಲಿನ ಪಾತ್ರೆಯೊಳಗೆ ಇಣುಕಲು ಮೊಬೈಲಿನ ಬೆಳಕೇ ಗತಿ. ಇಂಥ ಮನೆಯ ಯಜಮಾನನ ಕೈಯಲ್ಲಿ ನಾಲ್ಕು ಕಾಸು ಸೇರಿತೆಂದರೆ ಮೊದಲು ಬರುವ ಯೋಚನೆ ಒಂದೇ: ಇದನ್ನು ಕೆಡವಿ ಹೊಸದು ಕಟ್ಟೋಣ. ಮೇಸ್ತ್ರಿಯೂ ಅದಕ್ಕೇ ತಲೆಯಾಡಿಸುತ್ತಾನೆ. ಕೆಡವುವುದು ಸುಲಭ. ಹೊಸದು ಎದ್ದ ಮೇಲೆ ಒಳಗೆ ಹೋಗಿ ನೋಡಿದರೆ, ಎಷ್ಟೋ ಕಡೆ, ಗೋಡೆ ಹೊಸದು, ಕತ್ತಲೆ ಮಾತ್ರ ಹಳೆಯದೇ.

ಆ ಕತ್ತಲೆ ಹಿರಿಯರ ಅಜ್ಞಾನದಿಂದ ಬಂದದ್ದಲ್ಲ, ಮಳೆಯಿಂದ ಬಂದದ್ದು. ಘಟ್ಟದ ನೆತ್ತಿಯ ಈ ಸೀಮೆಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಸಿದ್ದಾಪುರದ ನಿಲ್ಕುಂದದ ಕಡೆ ಅದಕ್ಕೂ ಎಷ್ಟೋ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ, ಅದೂ ನೆಟ್ಟಗಲ್ಲ, ಪಡುವಣ ಗಾಳಿಗೆ ಓರೆಯಾಗಿ. ಹಿಂದೆ ಗೋಡೆ ಮಣ್ಣಿನದು. ಎರಚಲು ಬಡಿದರೆ ಮಣ್ಣಿನ ಗೋಡೆ ಕರಗುತ್ತದೆ. ಅದಕ್ಕೆಂದೇ ಸೂರನ್ನು ತಲೆ ಬಗ್ಗಿಸಿ ನುಸುಳುವ ಮಟ್ಟಕ್ಕೆ ಇಳಿಸಿದರು, ಕಿಟಕಿಯನ್ನು ಸಣ್ಣದು ಮಾಡಿದರು, ಮಳೆ ಹಿಡಿಯುವ ಮೊದಲು ಗಾಳಿಯ ಕಡೆಯ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದರು. ಮಾಡಿಗೆ ಹೊದಿಸಿದ್ದು ಹುಲ್ಲೋ ಸೋಗೆಯೋ, ಅನುಕೂಲವಿದ್ದವರಲ್ಲಿ ನಾಡಹಂಚೋ. ಆ ಕಾಲದ ಸಾಮಾನು, ಆ ಕಾಲದ ಗೋಡೆ, ಅದಕ್ಕೆ ತಕ್ಕ ಮನೆ.

1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕಾಲಕ್ರಮದಲ್ಲಿ ಆ ಹಂಚು ಘಟ್ಟವನ್ನೂ ಹತ್ತಿತು. ಮಣ್ಣಿನ ಜಾಗಕ್ಕೆ ಕೆಂಪುಕಲ್ಲು ಬಂತು, ಕೆಂಪುಕಲ್ಲಿನ ಮೇಲೆ ಸಿಮೆಂಟಿನ ಗಿಲಾವು ಬಂತು. ನೆಲದೊಳಗಿದ್ದಾಗ ಕೊಡಲಿಗೂ ಮಣಿದು, ಗಾಳಿ ತಗಲಿದ ಮೇಲೆ ಗಟ್ಟಿಯಾಗುವ ಈ ಕಲ್ಲನ್ನು ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ವಿವರಿಸಿದ್ದಾನೆ. ಆತ 1801ರಲ್ಲಿ ಯಲ್ಲಾಪುರ, ಸೋಂದಾ, ಶಿರಸಿಗಳ ಮೇಲೂ ಹಾದುಹೋದವನು. ಅಂತೂ ಗೋಡೆ ಕರಗುವ ಭಯ ಹೋಯಿತು. ಆದರೆ ಸೂರು ಇದ್ದಲ್ಲೇ ಉಳಿಯಿತು, ಕಿಟಕಿಯೂ ಅಷ್ಟೇ. ಕಾರಣ ಹೋದ ಮೇಲೂ ರೂಢಿ ಮನೆಯೊಳಗೆ ಕೂತೇ ಇತ್ತು.

ಹಾಗಾದರೆ ದೊಡ್ಡ ಕಿಟಕಿ ಇಟ್ಟರೆ ಆಯಿತಲ್ಲ ಎಂದು ಕೇಳಬಹುದು. ಇಟ್ಟವರಿದ್ದಾರೆ. ಅಲ್ಲೊಂದು ತೊಡಕು. ದಟ್ಟ ಮೋಡ ಕವಿದ ಆಕಾಶ ಎಲ್ಲ ಕಡೆ ಒಂದೇ ಸಮ ಬೆಳಗುವುದಿಲ್ಲ. ನೆತ್ತಿಯ ಮೇಲಿನ ಭಾಗ ದಿಗಂತದ ಬಳಿಗಿಂತ ಮೂರು ಪಟ್ಟು ಪ್ರಕಾಶಮಾನವಾಗಿರುತ್ತದೆ. ಬೆಳಕಿನ ಲೆಕ್ಕಕ್ಕೆಂದು ಸಿಐಇ ಎಂಬ ಅಂತರರಾಷ್ಟ್ರೀಯ ಆಯೋಗ ಇಟ್ಟುಕೊಂಡಿರುವ ಮೋಡದ ಆಕಾಶದ ಮಾದರಿಯೇ ಇದು. ಈಗ ಒಂದು ತೋಟದ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಮುಂದೆ ಕಣಿವೆಯ ತಳದಲ್ಲಿ ಅಡಿಕೆ ಮರ, ಎರಡು ಬದಿಗೆ ಸೊಪ್ಪಿನ ಬೆಟ್ಟ, ಬೆನ್ನಿಗೆ ಕಡಿದು ನಿಲ್ಲಿಸಿದ ಧರೆ. ಕಿಟಕಿ ಎಷ್ಟೇ ದೊಡ್ಡದಿರಲಿ, ಅದು ನೋಡುವುದು ಧರೆಯ ಪಾಚಿಯನ್ನು, ಮರದ ಬುಡವನ್ನು. ಬೆಳಕು ತೀರ ಅಗತ್ಯವಾದ ನಾಲ್ಕು ತಿಂಗಳಲ್ಲಿ ಅದು ಇರುವುದು ಮೇಲೆ. ಆದ್ದರಿಂದ ಈ ಸೀಮೆಯಲ್ಲಿ ಮನೆಯ ಬೆಳಕು ಕಿಟಕಿಯ ಪ್ರಶ್ನೆಯಾಗುವ ಮೊದಲು ಮಾಡಿನ ಪ್ರಶ್ನೆ.

ಎಲ್ಲ ಊರಿಗೂ ಈ ಮಾತು ಒಂದೇ ತೂಕದಲ್ಲಿ ಸಲ್ಲದು, ನಿಜ. ಬನವಾಸಿಯ ಕಡೆ ವರದೆಯ ಬಯಲಿನಲ್ಲಿ ಗದ್ದೆ ಅಗಲ, ಆಕಾಶ ಅಗಲ. ಯಲ್ಲಾಪುರದಿಂದ ಕಿರವತ್ತಿಯತ್ತ ಹೊರಟರೆ ಮಳೆ ಕಡಿಮೆಯಾಗುತ್ತ, ತೇಗದ ಕಾಡು ಹಿಂದೆ ಸರಿದು ಬಯಲುಸೀಮೆಯ ಬಿಸಿಲು ಶುರುವಾಗುತ್ತದೆ. ಅಲ್ಲಿ ಕಿಟಕಿ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಇಡಗುಂದಿ, ವಜ್ರಳ್ಳಿಯ ಕಡೆಯ ಕಾಡಿನ ಮನೆಗೂ ಬನವಾಸಿಯ ಮನೆಗೂ ಒಂದೇ ನಕ್ಷೆ ಹೊಲಿಸುವವರನ್ನು ನಂಬುವುದು ಕಷ್ಟ.

ಇಲ್ಲಿ ಹೇಳುತ್ತಿರುವುದು ಚೌಕಿಯ, ಕೆತ್ತನೆ ಕಂಬದ, ಸಿನಿಮಾದವರು ಹುಡುಕಿಕೊಂಡು ಬರುವ ದೊಡ್ಡ ಮನೆಗಳ ಮಾತಲ್ಲ. ಎರಡು ಅಂಕಣ, ಮೂರು ಅಂಕಣದ ಮನೆಗಳದ್ದು. ಮನೆಯವರೇ ಕಲ್ಲು ಹೊತ್ತು, ಮಣ್ಣು ಕಲಸಿ, ನೆಂಟರಿಷ್ಟರನ್ನು ಕರೆದು ಕಟ್ಟಿಕೊಂಡವುಗಳದ್ದು. ಸರ್ಕಾರದ ವಸತಿ ಯೋಜನೆಗಳ ಮನೆಗಳೂ ಈ ಜಾತಿಯವೇ. ಇಂದಿರಾ ಆವಾಸ್ 1985ರಲ್ಲಿ ಶುರುವಾಯಿತು, ರಾಜ್ಯದ ಆಶ್ರಯ ಯೋಜನೆ 1991-92ರಲ್ಲಿ. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಬಂತು. 2016ರಿಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ನಡೆಯುತ್ತಿದೆ. ಹೆಸರು ಬದಲಾದರೂ ಕೇಂದ್ರದ ಈ ಯೋಜನೆಗಳಲ್ಲಿ ಒಂದು ನಿಯಮ ಬದಲಾಗಲಿಲ್ಲ: ಗುತ್ತಿಗೆದಾರನನ್ನು ನಡುವೆ ತರುವಂತಿಲ್ಲ, ಫಲಾನುಭವಿಯೇ ಮನೆ ಕಟ್ಟಿಕೊಳ್ಳಬೇಕು. ಹಿಂದೆ ಕನಿಷ್ಠ ಅಳತೆ 20 ಚದರ ಮೀಟರ್ ಇತ್ತು, 2016ರಲ್ಲಿ 25ಕ್ಕೆ ಏರಿತು. 25 ಚದರ ಮೀಟರ್ ಎಂದರೆ 270 ಚದರ ಅಡಿಗೆ ಒಂದು ಅಡಿ ಕಡಿಮೆ. ಯಲ್ಲಾಪುರದ ಸಿದ್ದಿ, ಗೌಳಿ, ಕುಣಬಿ ಕೇರಿಗಳಲ್ಲಿ, ಸಿದ್ದಾಪುರದ ದೀವರ ಕೇರಿಗಳಲ್ಲಿ, ಶಿರಸಿ ಪೇಟೆಯ ಅಂಚಿನಲ್ಲಿ ಇಂಥ ಮನೆಗಳು ಸಾಲಾಗಿವೆ. ಸಿದ್ದಿ ಜನ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಮೇಲೆ ಕಾಡಿನಂಚಿನ ಅವರ ಮಣ್ಣಿನ ಮನೆಗಳ ಪಕ್ಕದಲ್ಲೂ ಇಂಥ ಗೋಡೆಗಳು ಎದ್ದವು.

ಆ 25 ಚದರ ಮೀಟರಿಗೆ ಎಷ್ಟು ಕಿಟಕಿ ಬೇಕು? ರಾಷ್ಟ್ರೀಯ ಕಟ್ಟಡ ಸಂಹಿತೆ ಇದಕ್ಕೊಂದು ಲೆಕ್ಕ ಕೊಡುತ್ತದೆ. ಒಣ ಬಿಸಿಲಿನ ಸೀಮೆಯಲ್ಲಿ ನೆಲದ ಹತ್ತರಲ್ಲೊಂದು ಭಾಗ, ಮಳೆ ಮತ್ತು ಸೆಕೆಯ ಸೀಮೆಯಲ್ಲಿ ಆರರಲ್ಲೊಂದು ಭಾಗ, ಬಾಗಿಲು ಬಿಟ್ಟು. ಅಂದರೆ ನಾಲ್ಕು ಚದರ ಮೀಟರಿಗೂ ಸ್ವಲ್ಪ ಹೆಚ್ಚು. ಮೂರಡಿಗೆ ಮೂರಡಿಯ ಕಿಟಕಿಗಳಾದರೆ ಐದು ಬೇಕು. ಯೋಜನೆಯ ಮನೆಯಲ್ಲಿ ಎರಡೋ ಮೂರೋ ಇರುತ್ತವೆ, ಅದರಲ್ಲಿ ಒಂದರ ಮುಂದೆ ಕಪಾಟು ನಿಂತಿರುತ್ತದೆ.

ಈ ಮನೆ ಹೇಗೆ ಬೆಳೆಯುತ್ತದೆ ಎಂಬುದರಲ್ಲೇ ಕತ್ತಲೆಯ ಎರಡನೆಯ ಅಧ್ಯಾಯವಿದೆ. ಮಗನ ಮದುವೆಗೆ ಒಂದು ಕೋಣೆ ಬೇಕಾಯಿತು. ಗೋಡೆಯಾಚೆ ಒಂದು ಅಂಕಣ ಸೇರಿಸಿದರು, ಮಾಡನ್ನು ಅದೇ ಇಳಿಜಾರಿನಲ್ಲಿ ಮುಂದಕ್ಕೆ ಎಳೆದರು. ಹಂಚಿನ ಮಾಡಿನ ಇಳಿಜಾರು 30 ಡಿಗ್ರಿಯ ಆಸುಪಾಸು. ಆ ಲೆಕ್ಕದಲ್ಲಿ ಎಂಟಡಿ ಮುಂದೆ ಹೋದರೆ ಮಾಡು ನಾಲ್ಕೂವರೆ ಅಡಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ಮೊದಲಿನ ಗೋಡೆ ಒಂಬತ್ತು ಅಡಿಯಿದ್ದರೆ ಹೊಸ ಗೋಡೆಗೆ ಉಳಿಯುವುದು ನಾಲ್ಕು ಅಡಿ ಚಿಲ್ಲರೆ. ಅಲ್ಲಿ ಮನುಷ್ಯ ನಿಲ್ಲಲಾರ. ಆಗ ಇಳಿಜಾರನ್ನು ಕಡಿಮೆ ಮಾಡುತ್ತಾರೆ. ಮಳೆನೀರು ಹಂಚಿನ ಸಂದಿಯಲ್ಲಿ ಹಿಂದಕ್ಕೆ ನುಗ್ಗಿ ಸೋರುತ್ತದೆ. ಸೋರುವುದನ್ನು ತಡೆಯಲು ಅಷ್ಟು ಭಾಗಕ್ಕೆ ತಗಡು ಹೊದಿಸುತ್ತಾರೆ. ಇಷ್ಟಾಗುವಾಗ ಮೊದಲಿನ ಹೊರಗೋಡೆ ಒಳಗೋಡೆಯಾಗಿರುತ್ತದೆ, ಅದರ ಕಿಟಕಿ ಹೊಸ ಕೋಣೆಯೊಳಗೆ ತೆರೆಯುತ್ತದೆ. ಹಿಂದೊಂದು ಬಚ್ಚಲು, ಪಕ್ಕಕ್ಕೊಂದು ಕಟ್ಟಿಗೆ ಇಡುವ ಮಾಡು, ಮುಂದೆ ಬೈಕು ನಿಲ್ಲಿಸಲು ಇನ್ನೊಂದು. ನಾಲ್ಕೂ ಕಡೆ ಬೆಳೆದ ಮೇಲೆ ನಡುಮನೆಗೆ ಹಗಲು ಎಂಬುದೇ ಇಲ್ಲ. ಸೇರಿಸಿದ ಪ್ರತಿ ಅಂಕಣವೂ ನ್ಯಾಯವಾದ ಅಗತ್ಯಕ್ಕೇ ಬಂದದ್ದು, ಅದೇ ಇದರ ವಿಚಿತ್ರ.

ಇಂಥ ಮನೆಯನ್ನು ಕೆಡವದೆ ಸರಿಪಡಿಸುವ ದಾರಿ ನಡುವಿನ ಮಾಡನ್ನು ಎತ್ತುವುದು. ನಡುಮನೆಯ ಗೋಡೆಯ ಮೇಲೆ ಐದಾರು ವರಸೆ ಕೆಂಪುಕಲ್ಲು ಏರಿಸಿದರೆ ನಾಲ್ಕಡಿ ಎತ್ತರ ಸಿಗುತ್ತದೆ. ಒಂಬತ್ತು ಅಡಿಯ ಗೋಡೆ ಹದಿಮೂರಾಗುತ್ತದೆ. ಅದರಲ್ಲಿ ಮೇಲಿನ ಒಂದೂವರೆ ಅಡಿಯನ್ನು ಗಾಜಿಗೋ ಜಾಲಿಗೋ ಬಿಟ್ಟು, ಅದರ ಕೆಳಗಿನಿಂದ ಬದಿಯ ಮಾಡನ್ನು ಹೊರಡಿಸಿದರೆ, ಎಂಟಡಿ ದಾಟಿದ ಮೇಲೂ ಹೊರಗೋಡೆ ಏಳಡಿ ಹತ್ತಿರ ಉಳಿಯುತ್ತದೆ. ಕೋಣೆಯಲ್ಲಿ ತಲೆ ತಾಗುವುದಿಲ್ಲ, ಇಳಿಜಾರು ಕೆಡುವುದಿಲ್ಲ, ಹಂಚು ಸೋರುವುದಿಲ್ಲ. ಎರಡು ಮಾಡಿನ ನಡುವಿನ ಆ ಒಂದೂವರೆ ಅಡಿಯ ಪಟ್ಟಿಯಿಂದ ಬೆಳಕು ನಡುಮನೆಯ ಎದುರು ಗೋಡೆಗೆ ಬಿದ್ದು ಅಲ್ಲಿಂದ ಕೆಳಗಿಳಿಯುತ್ತದೆ. ಒಲೆಯ, ಮನುಷ್ಯರ ಉಸಿರಿನ ಬಿಸಿಗಾಳಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ಮೇಲಿನ ಮಾಡಿನ ಸೂರು ಎರಡಡಿ ಮುಂದೆ ಚಾಚಿರಬೇಕು, ಇಲ್ಲದಿದ್ದರೆ ಪಡುವಣ ಎರಚಲು ಆ ಪಟ್ಟಿಯಿಂದಲೇ ಒಳಗೆ ಬರುತ್ತದೆ. ಪಡುವಣ ದಿಕ್ಕಿಗೆ ಈ ಪಟ್ಟಿಯನ್ನೇ ಬಿಡದಿರುವುದು ಇನ್ನೂ ಜಾಣತನ. ಏರಿಸುವ ಮೊದಲು ಹಳೆಯ ಗೋಡೆಯ ತಳಪಾಯ ಆ ಭಾರ ಹೊರುತ್ತದೆಯೇ ಎಂದು ತಿಳಿದವರಿಗೆ ತೋರಿಸಬೇಕು. ಬರಿ ಮಣ್ಣಿನ ಗೋಡೆಯಾದರೆ ಏರಿಸುವ ಮಾತೇ ಬೇಡ, ಒಳಗೆ ಕಂಬ ಕೊಟ್ಟು ಮಾಡನ್ನು ಕಂಬದ ಮೇಲೆ ಕೂರಿಸಬೇಕು. ಮುಂಡಿಗೆಯ ಮೇಲೆ ಮಾಡು ನಿಲ್ಲಿಸಿ ಗೋಡೆಗೆ ಭಾರ ಕೊಡದ ಪದ್ಧತಿ ಮಲೆನಾಡಿಗೆ ಹೊಸದೇನೂ ಅಲ್ಲ.

ಅಷ್ಟೂ ಖರ್ಚು ಆಗದು ಎನ್ನುವವರಿಗೆ ಗಾಜಿನ ಹಂಚಿದೆ. ಒಂದು ಚದರ ಮೀಟರಿಗೆ ಹದಿನೈದರಷ್ಟು ಮಂಗಳೂರು ಹಂಚು ಹಿಡಿಯುತ್ತದೆ, ಅಂದರೆ ನಾಲ್ಕು ಗಾಜಿನ ಹಂಚು ಸೇರಿದರೆ ಕಾಲು ಚದರ ಮೀಟರ್. ಅಷ್ಟಗಲದ ಗೋಡೆಯ ಕಿಟಕಿಗಿಂತ ಇದು ಹೆಚ್ಚು ಬೆಳಕು ಕೊಡುತ್ತದೆ, ನೋಡುವುದು ನೆತ್ತಿಯ ಆಕಾಶವನ್ನಲ್ಲವೇ. ಹಾಕುವ ಜಾಗದಲ್ಲಿ ಮಾತ್ರ ಎಚ್ಚರ ಬೇಕು. ಶಿರಸಿ ಇರುವುದು ಸುಮಾರು 14.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಬಡಗಣಕ್ಕೆ ಸರಿದಿರುತ್ತಾನೆ, ಆದರೆ ಅದರಲ್ಲಿ ಬಹುಪಾಲು ಮೋಡದ ಕಾಲ. ಉಳಿದ ತಿಂಗಳುಗಳಲ್ಲಿ ಆತ ತೆಂಕಣದಲ್ಲಿ. ಡಿಸೆಂಬರಿನ ಮಧ್ಯಾಹ್ನ 52 ಡಿಗ್ರಿಯಷ್ಟೇ ಎತ್ತರದಲ್ಲಿ. ಹೀಗಾಗಿ ಬಡಗಣ ಇಳಿಜಾರಿನಲ್ಲಿ ಕೂರಿಸಿದ ಗಾಜಿನ ಹಂಚು ವರ್ಷದ ಬಹುಪಾಲು ತಂಪಾದ ಬೆಳಕು ಕೊಡುತ್ತದೆ, ಪಡುವಣ ಇಳಿಜಾರಿನದು ಮಾರ್ಚ್ ತಿಂಗಳ ಮಧ್ಯಾಹ್ನದ ನಿದ್ದೆ ಕೆಡಿಸುತ್ತದೆ. ಮಂಚದ ಮೇಲ್ಗಡೆ ಹಾಕಿಸಿಕೊಂಡು ಆಮೇಲೆ ಗೋಣಿಚೀಲ ಮುಚ್ಚಿದವರೂ ಉಂಟು.

ಗಾಜಿನ ಹಂಚಿಗೆ ಶತ್ರುಗಳು ಇಬ್ಬರು. ಒಂದು ಪಾಚಿ. ಒಂದೆರಡು ಮಳೆಗಾಲ ತೊಳೆಯದೆ ಬಿಟ್ಟರೆ ಗಾಜು ಮಣ್ಣಿನ ಹಂಚಿಗಿಂತ ಕಪ್ಪಾಗುತ್ತದೆ. ಇನ್ನೊಂದು ಮಂಗ. ಬೆಟ್ಟದಿಂದ ತೋಟಕ್ಕೆ, ತೋಟದಿಂದ ಮಾಡಿಗೆ ಹಾರುವ ಮಂಗಗಳ ಕಾಟದಿಂದಲೇ ಹಂಚು ಬಿಟ್ಟು ತಗಡಿಗೆ ಹೋದ ಮನೆಗಳು ಈ ಮೂರೂ ತಾಲೂಕಿನಲ್ಲಿ ಊರೂರಿಗೆ ಸಿಗುತ್ತವೆ. ತಗಡಿಗೆ ಹೋದವರು ಒಂದೆರಡು ಕಡೆ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟು ಸೇರಿಸುತ್ತಾರೆ. ಅದು ಒಡೆಯುವುದಿಲ್ಲ, ಆದರೆ ವರ್ಷಗಳು ಕಳೆದಂತೆ ಹಳದಿ ತಿರುಗುತ್ತದೆ. ತಗಡಿನ ಮೇಲೆ ಮಳೆ ಹಿಡಿದರೆ ಒಳಗಿದ್ದವರ ಮಾತು ಒಳಗಿದ್ದವರಿಗೇ ಕೇಳುವುದಿಲ್ಲ ಎಂಬುದು ಬೇರೆ ವಿಷಯ.

ಈ ತಗಡು ಮತ್ತು ಹಂಚಿನ ಜಗಳವನ್ನು ಬಹಳ ಹಿಂದೆಯೇ ಬಗೆಹರಿಸಿದವರು ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ. ಅಲೆಯಾಕಾರದ ಸಿಮೆಂಟ್ ಶೀಟಿನ ಮೇಲೆ ನಾಡಹಂಚನ್ನು ಹೊದಿಸುವ ಪದ್ಧತಿಯನ್ನು ಅವರು ಬಳಕೆಗೆ ತಂದರು. ಮಳೆ ತಡೆಯುವುದು ಶೀಟು, ಬಿಸಿಲು ಮತ್ತು ಸದ್ದು ತಡೆಯುವುದು ಹಂಚು. ಅವರ ಸ್ವಂತ ಮನೆಯ ಕಥೆ ಇಂದಿನ ವಿಷಯಕ್ಕೆ ಇನ್ನೂ ಹತ್ತಿರ. ಕೊಲಂಬೊದ 33ನೆಯ ಓಣಿಯಲ್ಲಿ ಸಾಲಾಗಿ ನಾಲ್ಕು ಸಣ್ಣ ಬಂಗಲೆಗಳಿದ್ದವು. 1958ರಲ್ಲಿ ಬಾವಾ ಅವುಗಳಲ್ಲೊಂದನ್ನು ಕೊಂಡರು, ಮುಂದಿನ ಹತ್ತು ವರ್ಷಗಳಲ್ಲಿ ಒಂದೊಂದಾಗಿ ಉಳಿದವನ್ನೂ. ನಾಲ್ಕನ್ನೂ ಒಟ್ಟಿಗೆ ಕೆಡವಿ ಒಂದು ಮಹಲು ಎಬ್ಬಿಸುವ ಬದಲು, ಅಲ್ಲಲ್ಲಿ ಗೋಡೆ ತೆಗೆದರು, ಅಲ್ಲಲ್ಲಿ ಮಾಡು ತೆಗೆದರು. ಮಾಡು ತೆಗೆದಲ್ಲಿ ಪುಟ್ಟ ಅಂಗಳಗಳಾದವು, ಅಲ್ಲಿ ಮಳೆಯೂ ಬೆಳಕೂ ನೇರ ಕೆಳಗಿಳಿಯಿತು. ಉದ್ದದ ಓಣಿಯಂಥ ಮನೆ, ಹೆಜ್ಜೆ ಹೆಜ್ಜೆಗೆ ಬೆಳಕು ಬದಲಾಗುವ ಮನೆ ಎಂದು ಅದು ಹೆಸರಾಯಿತು. ಬಾವಾ ಅವರಿಗೆ ದುಡ್ಡಿತ್ತು, ಅದನ್ನು ಮರೆಯುವಂತಿಲ್ಲ. ಆದರೆ ಸೇರಿಸುವುದಕ್ಕಿಂತ ತೆಗೆಯುವುದರಿಂದ ಮನೆ ಬೆಳಗುತ್ತದೆ ಎಂಬ ಅವರ ಉಪಾಯಕ್ಕೆ ಹೆಚ್ಚು ದುಡ್ಡು ಬೇಡ. ನಾಲ್ಕೂ ಕಡೆ ಮಾಡು ಎಳೆದುಕೊಂಡ ಮನೆಯಲ್ಲಿ ನಡುವಿನ ಒಂದು ಮೂಲೆಯ ಆರಡಿ ಹಂಚು ತೆಗೆದು, ಕೆಳಗೆ ಕಲ್ಲು ಹಾಸಿ, ನೀರು ಹೋಗಲು ಮೋರಿ ಬಿಟ್ಟರೆ ಅದೇ ಕೆಲಸವಾಗುತ್ತದೆ. ಚೌಕಿಮನೆಯವರು ಮಾಡಿದ್ದೂ ಇದನ್ನೇ, ದೊಡ್ಡ ಅಳತೆಯಲ್ಲಿ.

ಅಡುಗೆಮನೆಯ ಕತೆ ಬೇರೆ. ಅಲ್ಲಿಯ ಕತ್ತಲೆಗೆ ಮಳೆಯ ಜೊತೆ ಹೊಗೆಯೂ ಕಾರಣ. ಕಟ್ಟಿಗೆ ಒಲೆಯ ಹೊಗೆ ಪಕಾಸು, ರೀಪು, ಹಂಚಿನ ಒಳಮೈ ಎಲ್ಲಕ್ಕೂ ಮಸಿ ಬಳಿಯುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗ ರೂಪಿಸಿದ ಅಸ್ತ್ರ ಒಲೆ ಕೊಳವೆಯ ಮೂಲಕ ಹೊಗೆಯನ್ನು ಮಾಡಿನಾಚೆ ಕಳಿಸಿತು. ಅದರ ಜೊತೆಗೇ ಗೋಬರ್ ಗ್ಯಾಸ್ ಬಂತು. ಶಿರಸಿ ತಾಲೂಕಿನಲ್ಲಿ ಅದು ಎಷ್ಟು ಚೆನ್ನಾಗಿ ನೆಲೆನಿಂತಿತೆಂದರೆ ಅದೇ ಸಂಸ್ಥೆಯ ಸಂಶೋಧಕರು 2001ರಲ್ಲಿ ಶಿರಸಿಯ ಯಶಸ್ಸಿನ ಮೇಲೆಯೇ ಒಂದು ಅಧ್ಯಯನ ಪ್ರಕಟಿಸಿದರು. ಕೊಟ್ಟಿಗೆಯಲ್ಲಿ ದನವಿರುವ ತೋಟಿಗರ ಸೀಮೆಗೆ ಅದು ಒಗ್ಗಿತು. ದನವಿಲ್ಲದವರ ಮನೆಗೆ ಸಿಲಿಂಡರ್ ಬಂದದ್ದು ತಡವಾಗಿ. ಉಜ್ವಲಾ ಯೋಜನೆ ಶುರುವಾದದ್ದು 2016ರಲ್ಲಿ.

ಹೊಗೆ ಹೋದದ್ದು ಕಣ್ಣಿಗೆ, ಎದೆಗೆ ಒಳ್ಳೆಯದೇ ಆಯಿತು. ಪಕಾಸುಗಳಿಗೆ ಮಾತ್ರ ಒಳ್ಳೆಯದಾಗಲಿಲ್ಲ. ತಲೆಮಾರುಗಟ್ಟಲೆ ಹೊಗೆ ಕುಡಿದು ಗಟ್ಟಿಯಾಗಿದ್ದ ಮರಕ್ಕೆ ಕುಟ್ಟೆ ಹಿಡಿಯತೊಡಗಿತು. ಬೆಳಿಗ್ಗೆ ಎದ್ದರೆ ಗ್ಯಾಸ್ ಒಲೆಯ ಮೇಲೆ ಬಿಳಿ ಹುಡಿ. ಅಡುಗೆಮನೆಯ ಮಾಡು ತೆರೆದು ಬೆಳಕು ತರುವವರು ಅದೇ ಹೊತ್ತಿಗೆ ಮರಕ್ಕೂ ಮದ್ದು ಕೊಡಬೇಕು. ಹಳಬರ ಮದ್ದು ಗೇರೆಣ್ಣೆ, ಗೇರುಬೀಜದ ಸಿಪ್ಪೆಯಿಂದ ತೆಗೆದದ್ದು. ಹುಳ ಹತ್ತಿರ ಸುಳಿಯುವುದಿಲ್ಲ, ಆದರೆ ಬಳಿದ ಮರ ಕಡುಕಪ್ಪಾಗುತ್ತದೆ. ಬೆಳಕಿಗೆಂದು ಮಾಡು ತೆರೆದು, ಆ ಮಾಡಿನ ಮರಕ್ಕೇ ಕಪ್ಪು ಬಳಿಯುವುದು ಸ್ವಲ್ಪ ತಮಾಷೆಯೇ. ಅದರ ಕೆಳಗೆ ಬಿಳಿ ಹಲಗೆಯ ಅಥವಾ ಬಿದಿರು ತಟ್ಟಿಯ ಮುಚ್ಚಿಗೆ ಹೊಡೆಯುವವರಿದ್ದಾರೆ, ಹಾಗೇ ಬಿಡುವವರೂ ಇದ್ದಾರೆ.

ಒಳಗೆ ಬಂದ ಬೆಳಕು ಎಷ್ಟು ದೂರ ಹೋಗುತ್ತದೆ ಎಂಬುದು ಗೋಡೆ ಮತ್ತು ನೆಲದ ಬಣ್ಣಕ್ಕೆ ಬಿಟ್ಟದ್ದು. ಸುಣ್ಣ ಬಳಿದ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಬಹುಪಾಲನ್ನು ತಿರುಗಿ ಕೋಣೆಗೇ ಕೊಡುತ್ತದೆ, ಕೆಮ್ಮಣ್ಣಿನ ಗೋಡೆ ಬಹುಪಾಲನ್ನು ತಾನೇ ನುಂಗುತ್ತದೆ. ಈ ಸೀಮೆಯ ನೆಲಗಳಂತೂ ಕಪ್ಪಿನ ಮೋಹದವು. ಸಗಣಿಗೆ ಇದ್ದಿಲು ಅರೆದು, ಹಳೆಯ ಟಾರ್ಚಿನ ಸೆಲ್ಲು ಒಡೆದು ಅದರ ಮಸಿ ಬೆರೆಸಿ, ಕನ್ನಡಿಯ ಹಾಗೆ ನುಣುಪಾಗಿ ಸಾರಿಸಿದ ನೆಲ ಮನೆಯೊಡತಿಯ ಹೆಮ್ಮೆಯಾಗಿತ್ತು. ಆಮೇಲೆ ಬಂದ ರೆಡ್ ಆಕ್ಸೈಡ್ ನೆಲವೂ ಗಾಢವೇ. ಅದನ್ನು ಕಿತ್ತು ಬಿಳಿ ಟೈಲ್ಸ್ ಹಾಕಬೇಕಾಗಿಲ್ಲ. ಮಳೆಗಾಲದ ಕೆಸರುಕಾಲಿಗೆ ಬಿಳಿ ಟೈಲ್ಸ್‌ನಷ್ಟು ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಗೋಡೆಯ ಮೇಲ್ಭಾಗ ಬೆಳ್ಳಗಿದ್ದರೆ ಸಾಕು, ಕೆಳಗಿನ ಮೂರಡಿ ಕೆಮ್ಮಣ್ಣಿನ ಪಟ್ಟಿಯಿದ್ದರೂ ನಡೆಯುತ್ತದೆ. ಹಳೆಯ ಮನೆಗಳಲ್ಲಿ ಶೇಡಿಯ ಬಿಳುಪು, ಕೆಮ್ಮಣ್ಣಿನ ಕೆಂಪು ಒಟ್ಟಿಗೇ ಇರುತ್ತಿದ್ದವು.

ಸಿದ್ದಾಪುರದ ದೀವರ ಮನೆಗಳಲ್ಲಿ ಒಂದು ಸೂಕ್ಷ್ಮವಿದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಿಂದ, ಪುಂಡಿನಾರಿನ ಕುಂಚ ಹಿಡಿದು ಹಸೆ ಚಿತ್ತಾರ ಬರೆಯುತ್ತಾರೆ. ಅದಕ್ಕೆ ಅಗಲವಾದ, ಕಿಟಕಿಯಿಲ್ಲದ ಗೋಡೆ ಬೇಕು. ನಡುಮನೆಗೆ ಬೆಳಕು ಬರಲೆಂದು ಆ ಗೋಡೆ ಒಡೆದು ಆರಡಿ ಕಿಟಕಿ ಕೂರಿಸಿದರೆ ಬೆಳಕು ಬರುತ್ತದೆ, ಚಿತ್ತಾರಕ್ಕೆ ಜಾಗ ಇರುವುದಿಲ್ಲ. ಇಲ್ಲಿಯೂ ಮಾಡಿನ ಬೆಳಕೇ ಉಪಯೋಗಕ್ಕೆ ಬರುವುದು: ಗೋಡೆ ಇಡಿಯಾಗಿ ಉಳಿಯುತ್ತದೆ, ಮೇಲಿನಿಂದ ಬಿದ್ದ ಬೆಳಕಿನಲ್ಲಿ ನಾಲ್ಕೆಳೆಯ ಚಿತ್ತಾರ ಎಳೆಎಳೆಯಾಗಿ ಕಾಣುತ್ತದೆ.

ಹಾಗೆಂದು ಇಡೀ ಮನೆ ಒಂದೇ ಸಮ ಬೆಳಗಬೇಕೆಂದಿಲ್ಲ. ಅಪ್ಪೆಮಿಡಿಯ ಭರಣಿಗೆ ಕತ್ತಲು ಬೇಕು. ಬಾಣಂತಿ ಕೋಣೆಗೆ ಮಬ್ಬು ಬೇಕು. ಜಗಲಿ ತಗ್ಗಾಗಿ, ನಡುಮನೆ ಎತ್ತರವಾಗಿ, ಮೆತ್ತು ತಲೆಗೆ ತಾಗುವಂತೆ ಇರುವ ಹಳೆಯ ಮನೆಯಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಹೋದದ್ದು ಮೈಗೇ ಗೊತ್ತಾಗುತ್ತಿತ್ತು. ಅಮೆರಿಕದ ಬರ್ಕ್ಲಿಯಲ್ಲಿದ್ದ ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರು 1977ರಲ್ಲಿ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಎಂಬ ಗ್ರಂಥದಲ್ಲಿ ಊರು, ಮನೆ, ಕೋಣೆಗಳ ಬಗ್ಗೆ 253 ಸೂತ್ರಗಳನ್ನು ಕೊಟ್ಟರು. ಪ್ರತಿ ಕೋಣೆಗೂ ಎರಡು ಬದಿಯಿಂದ ಬೆಳಕಿರಲಿ ಎಂಬುದು ಅದರಲ್ಲೊಂದು, ಕೋಣೆಗಳ ಎತ್ತರ ಬೇರೆ ಬೇರೆ ಇರಲಿ ಎಂಬುದು ಇನ್ನೊಂದು. ಹತ್ತಡಿ ಎತ್ತರದ ಒಂದೇ ಸ್ಲ್ಯಾಬಿನ ಕೆಳಗೆ ಎಲ್ಲ ಕೋಣೆಗಳನ್ನೂ ಕೂರಿಸುವ ಇಂದಿನ ಟೆರೇಸ್ ಮನೆ ಈ ಎರಡನ್ನೂ ಒಂದೇ ಏಟಿಗೆ ಮರೆತಿದೆ. ಆ ಟೆರೇಸಿನ ಮೇಲೂ ಈಗ ತಗಡಿನ ಮಾಡು ಬಂದಾಗಿದೆ, ಸೋರುವುದಕ್ಕೆ ಮದ್ದಾಗಿಯೂ ಅಡಿಕೆ ಒಣಗಿಸುವುದಕ್ಕೂ. ಒಂದೇ ಮನೆಗೆ ಎರಡು ಮಾಡಿನ ಖರ್ಚು, ಕೆಳಗೆ ಅದೇ ಮಬ್ಬು. ಸ್ಲ್ಯಾಬು ಹಾಕಲೇಬೇಕು ಎನ್ನುವವರು ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಬಳಸಿದ ಉಪಾಯವನ್ನಾದರೂ ನೋಡಬಹುದು: ಸ್ಲ್ಯಾಬಿನ ಕೆಳಭಾಗದಲ್ಲಿ ಕಾಂಕ್ರೀಟು ಎಳೆತ ತಾಳುವುದಿಲ್ಲ, ತಾಳುವುದು ಕಬ್ಬಿಣದ ಸರಳು, ಆದ್ದರಿಂದ ಸರಳುಗಳ ನಡುವೆ ಹಳೆಯ ಹಂಚು ಇಟ್ಟರೆ ಅಷ್ಟು ಕಾಂಕ್ರೀಟು ಉಳಿಯುತ್ತದೆ. ಮಾಡು ಬದಲಿಸಿದ ಪ್ರತಿ ಮನೆಯ ಹಿತ್ತಲಲ್ಲೂ ಹಳೆಯ ಹಂಚಿನ ರಾಶಿ ಇದ್ದೇ ಇರುತ್ತದೆ.

ಮನೆ ಬೆಳೆಸುವವರ ಇನ್ನೊಂದು ಆಸೆ ಹಿಂದಕ್ಕೆ ಹೋಗುವುದು. ಹಿಂದೆ ಧರೆ. ಜೆಸಿಬಿ ಬಂದ ಮೇಲೆ ಧರೆ ಕಡಿಯುವುದು ಅರ್ಧ ದಿನದ ಕೆಲಸ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆಗಳು ಹಾಳಾದ ಮೇಲೆ ಈ ಸೀಮೆಯಲ್ಲಿ ಇಳಿಜಾರಿನ ಮಣ್ಣನ್ನು ಮುಟ್ಟುವ ಮೊದಲು ಎರಡು ಸಲ ಯೋಚಿಸುವುದು ಒಳ್ಳೆಯದು. ಅಡುಗೆಮನೆ ಸಾಲದಿದ್ದರೆ ಹಿಂದಕ್ಕೆ ಆರಡಿ ಅಗೆಯುವ ಬದಲು ಮೇಲಕ್ಕೆ ನಾಲ್ಕಡಿ ಹೋಗಿ ಅರ್ಧ ಮೆತ್ತು ಮಾಡಿಕೊಳ್ಳಬಹುದು. ಸಾಮಾನು ಮೇಲೆ ಹೋಗುತ್ತದೆ, ಕೆಳಗೆ ಜಾಗವಾಗುತ್ತದೆ, ಧರೆಯ ಬುಡಕ್ಕೂ ಗೋಡೆಗೂ ನಡುವೆ ನೀರು ಹರಿಯುವ ಗಟಾರ ಹಾಗೇ ಉಳಿಯುತ್ತದೆ.

ಕಾಗದಪತ್ರದ ಮಾತು ಬಿಟ್ಟರೆ ಈ ವಿಷಯ ಪೂರ್ತಿಯಾಗದು. ಮೂರೂ ತಾಲೂಕಿನಲ್ಲಿ ಸಾವಿರಾರು ಸಣ್ಣ ಮನೆಗಳು ನಿಂತಿರುವುದು ಅರಣ್ಯ ಭೂಮಿಯ ಮೇಲೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದರೂ, ಬುಡಕಟ್ಟಿನವರಲ್ಲದ ಅರ್ಜಿದಾರರು ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೆ ದಾಖಲೆ ತೋರಿಸಬೇಕು. ಪಟ್ಟಾ ಇಲ್ಲದವರಿಗೆ ಬ್ಯಾಂಕಿನ ಸಾಲವಿಲ್ಲ. ಹಾಗಾಗಿ ಅವರ ಮನೆ ಒಂದು ವರ್ಷ ಗೋಡೆ, ಮರುವರ್ಷ ಗಿಲಾವು, ಇನ್ನೊಂದು ವರ್ಷ ಬಾಗಿಲು ಎಂದು ಕಂತಿನಲ್ಲಿ ಏಳುತ್ತದೆ. ಕಂತಿನಲ್ಲಿ ಬೆಳೆಯುವ ಮನೆಯನ್ನು ದೋಷವೆಂದು ನೋಡದೆ ಅದನ್ನೇ ನಕ್ಷೆಯಾಗಿ ಮಾಡಿದ ದೊಡ್ಡ ಉದಾಹರಣೆ ಇಂದೋರಿನ ‘ಅರಣ್ಯ’ ಎಂಬ ಬಡಾವಣೆ. ಅಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿ 6,500ರಷ್ಟು ನಿವೇಶನಗಳನ್ನು ರೂಪಿಸಿದರು. ಬಡವರಿಗೆ ಕೊಟ್ಟದ್ದು ತಳಪಾಯ, ಬಚ್ಚಲು, ನೀರು ಮತ್ತು ಒಂದು ಕೋಣೆಯಷ್ಟು ಬೀಜ. ಉಳಿದದ್ದನ್ನು ಕುಟುಂಬಗಳೇ ಕಟ್ಟಿಕೊಂಡವು, ಒಂದರಂತೆ ಇನ್ನೊಂದಿಲ್ಲ. 1995ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿ ಬಂತು. ಇಲ್ಲಿಯ ಪಂಚಾಯ್ತಿಗಳು ಮನೆ ಮಂಜೂರಾತಿ ಪತ್ರದ ಜೊತೆಗೆ, ನಾಳೆ ನಾಲ್ಕೂ ಕಡೆ ಅಂಕಣ ಸೇರಿದರೂ ನಡುಮನೆ ಕತ್ತಲಾಗದಂಥ ಒಂದು ಮಾಡಿನ ನಕ್ಷೆಯನ್ನು ಕೊಟ್ಟರೆ ಅದಕ್ಕೆ ತಗಲುವ ಖರ್ಚು ಒಂದು ಹಾಳೆಯದ್ದು.

ಕೆಲಸದ ಕಾಲ ದೀಪಾವಳಿ ಕಳೆದ ಮೇಲೆ. ಅಡಿಕೆ ಕೊಯ್ಲಿನಲ್ಲಿ ಆಳು ಸಿಗುವುದಿಲ್ಲ, ಆದ್ದರಿಂದ ಮಾಡು ಇಳಿಸುವುದು ಸಾಮಾನ್ಯವಾಗಿ ಫೆಬ್ರುವರಿ ದಾಟಿದ ಮೇಲೆ. ಮೃಗಶಿರ ಮಳೆ ಜೂನ್ ಮೊದಲ ವಾರಕ್ಕೆ ಬಾಗಿಲಿಗೆ ಬಂದಿರುತ್ತದೆ. ನಡುವಿನ ಮೂರು ತಿಂಗಳೇ ಕೈಯಲ್ಲಿರುವುದು. ಪಕಾಸು ಕೆತ್ತುವ ಬಡಗಿಗಳು ಈಗ ವಿರಳ, ಮರವೂ ದುಬಾರಿ. ಮಾಡು ಕಟ್ಟುತ್ತಿರುವುದು ವೆಲ್ಡಿಂಗ್ ಅಂಗಡಿಯ ಹುಡುಗರು, ಕಬ್ಬಿಣದ ಚೌಕ ಪೈಪಿನಿಂದ. ಅವರ ಕೆಲಸ ಚುರುಕು, ಅಳತೆಯೂ ನಿಖರ. ಆದರೆ ಮರದ ರೀಪನ್ನು ಮೊಳೆ ಕಿತ್ತು ಅರ್ಧ ಇಂಚು ಸರಿಸಬಹುದಿತ್ತು, ಬೆಸೆದ ಪೈಪನ್ನು ಸರಿಸಲಾಗದು. ಹಂಚಿನ ಅಳತೆ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ, ಹಳೆಯದಕ್ಕೂ ಹೊಸದಕ್ಕೂ ಬೇರೆ, ಗಾಜಿನದ್ದು ಇನ್ನೂ ಬೇರೆ. ಹೊದಿಸಬೇಕೆಂದಿರುವ ಹಂಚನ್ನೂ ಗಾಜಿನ ಹಂಚನ್ನೂ ಮೊದಲೇ ಅಂಗಳಕ್ಕೆ ತರಿಸಿ, ನಾಲ್ಕು ಸಾಲು ಜೋಡಿಸಿ, ಕೊಂಡಿ ಕೂರುವ ಅಂತರವನ್ನು ಅಳೆದುಕೊಂಡು, ಆ ಅಳತೆಯನ್ನು ಪೈಪಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿದ ಮೇಲೆಯೇ ವೆಲ್ಡಿಂಗ್ ಮಷಿನ್ನಿನ ಸ್ವಿಚ್ ಹಾಕಲು ಹೇಳಬೇಕು.